ಎರಡು ಬೆರಳು

ವಾಲ್ಪರೈಸೊದ ಗುಡ್ಡದ ನೆತ್ತಿಯಲ್ಲಿ, ತಗಡಿನ ಗೂಡಿನೊಳಗೆ
ಕಡಲಿಗೆ ಬೆನ್ನು ಹಾಕಿ ಕೂತಿದ್ದ ಎವಾರಿಸ್ತೊ.
ದೂರದೂರದವರು ಬಂದು ಬಾಯಿ ಬಿಟ್ಟು ನೋಡುವ ನೋಟವೆಲ್ಲ
ಅವನ ಬೆನ್ನಿನ ಪಾಲು.
ಕಣ್ಣಿನ ಪಾಲಿಗೆ ಒಂದು ಉಕ್ಕಿನ ಹಗ್ಗ,
ಹಗ್ಗದ ಮೇಲೊಂದು ಬಿಳಿ ಬಣ್ಣದ ಗುರುತು.

ಗುರುತು ಗಾಲಿಯ ಹತ್ತಿರ ಬಂದಾಗ ಬ್ರೇಕು ಒತ್ತಬೇಕು,
ಅಷ್ಟೇ ಕೆಲಸ, ಎಂದ.
ಅಷ್ಟೇನಾ? ಎಂದೆ.
ಅಷ್ಟೇ. ತುಸು ಹೊತ್ತು ಬಿಟ್ಟು,
ಊಟದ ಡಬ್ಬಿ ಆ ಮೊಳೆಗೆ ನೇತುಹಾಕು.

ನಾನು ಯಾಸ್ನಾ. ತತ್ವಶಾಸ್ತ್ರ ಮೂರು ವರ್ಷ ಓದಿ ಬಿಟ್ಟವಳು.
ಬದುಕಿಗೇನು ಅರ್ಥ ಎಂಬ ಪ್ರಶ್ನೆಯನ್ನು
ಒಣಮೀನಿನ ಹಾಗೆ ಚೀಲದಲ್ಲಿಟ್ಟುಕೊಂಡು ತಿರುಗಿದವಳು.
ಎಲ್ಲಿ ಕೂತರೂ ಪಕ್ಕದವರಿಗೆ ವಾಸನೆ.
ಅರ್ಥ ಸಿಗುವ ತನಕ ಬಾಡಿಗೆ ಯಾರು ಕಟ್ಟುತ್ತಾರೆ,
ಅಂದಳು ಅಮ್ಮ.
ಅದಕ್ಕೇ ಬಂದೆ.

ಎರಡು ಪೆಟ್ಟಿಗೆ, ಒಂದೇ ಹಗ್ಗ.
ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕು.
ಆಹಾ, ಇದರಲ್ಲೇನೋ ಇದೆ ಎಂದು
ನೋಟ್‌ಬುಕ್ಕಿಗೆ ಕೈ ಹಾಕಿದೆ.
ಗುರುತು ನೋಡು! ಎಂದು ಅವನು ಕೂಗುವಷ್ಟರಲ್ಲಿ
ಪೆಟ್ಟಿಗೆ ಹೊಸ್ತಿಲಿಗಿಂತ ಒಂದು ಗೇಣು ಕೆಳಗೇ ನಿಂತಿತ್ತು.

ದೋನ್ಯಾ ಎರ್ಮಿನಿಯಾ ಮುಗ್ಗರಿಸಿದಳು.
ಅವಳ ಚೀಲದ ನಿಂಬೆಹಣ್ಣುಗಳು
ಹಳಿಯ ಮೇಲೆ ಪುಟಿದು ಪುಟಿದು ಇಳಿದವು,
ಗುಡ್ಡವೇ ಹಳದಿ ಹಲ್ಲು ಉದುರಿಸಿಕೊಂಡ ಹಾಗೆ.
ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಹೊಸ್ತಿಲ ಮೇಲೆ ಕೂತು ಮಂಡಿ ನೀವಿಕೊಂಡಳು.
ಎವಾರಿಸ್ತೊ ಟೋಪಿಯಲ್ಲಿ ಹೆಕ್ಕಿ ತಂದ: ಹನ್ನೊಂದು.
ಹನ್ನೆರಡು ಕೊಂಡಿದ್ದೆ, ಎಂದಳು.

ಆ ರಾತ್ರಿ ಪುಸ್ತಕ ತೆರೆಯಲಿಲ್ಲ.
ಕಣ್ಣು ಮುಚ್ಚಿದರೆ ಒಂದು ಕಾಲು,
ಊದಿದ, ಕಂದು ಕಾಲುಚೀಲದ ಕಾಲು,
ನೆಲವಿದೆ ಎಂದು ನಂಬಿ ಎತ್ತಿದ್ದು.

ಮರುದಿನದಿಂದ ಪಾಠ ಶುರು.
ಹೊಸ್ತಿಲಿಗೂ ಪೆಟ್ಟಿಗೆಗೂ ಎರಡು ಬೆರಳು, ಮೇಲಲ್ಲ.
ಮಂಜು ಕವಿದ ದಿನ ಹಗ್ಗ ಜಾರುತ್ತದೆ, ಬೇಗ ಒತ್ತು.
ಶಾಲೆಯ ಮಕ್ಕಳು ತೂಕ ಕಡಿಮೆ, ಕುಣಿತ ಜಾಸ್ತಿ.
ಹೂ ಹಿಡಿದು ಸ್ಮಶಾನಕ್ಕೆ ಹೊರಟವರು
ಕಾಲ ಕಡೆ ನೋಡುವುದೇ ಇಲ್ಲ,
ಅವರಿದ್ದಾಗ ನೀನು ನೋಡು.

ಮೂವತ್ತೊಂದು ವರ್ಷ! ಬೇಸರ ಬರಲಿಲ್ಲವಾ?
ಬಂತು, ಎಂದ. ಹದಿನಾಲ್ಕನೆಯ ವರ್ಷ ಪೂರ್ತಿ ಬೇಸರ.
ಹದಿನೈದರಲ್ಲಿ ಹಗ್ಗ ಹೊಸದು ಹಾಕಿದರು.
ನಾನು ಇನ್ನೇನೋ ಹೇಳುತ್ತಾನೆಂದು ಕಾದೆ.
ಅವನು ಬ್ರೆಡ್ಡಿಗೆ ಬೆಣ್ಣೆ ಸವರಿದ.

ಚಳಿಗಾಲ ದಾಟಿತು. ನಿವೃತ್ತಿಯ ವಾರ
ನನ್ನ ಕೈಗೆ ಸನ್ನೆ ಕೊಟ್ಟು, ತಾನು ಮೆಟ್ಟಿಲಿಳಿದು ಹೋದ,
ಟಿಕೆಟ್ಟು ಕೊಂಡು ಹತ್ತುವುದಕ್ಕೆ.
ನನಗೆ ಅವನು ಕಾಣುವುದಿಲ್ಲ. ಯಾರೂ ಕಾಣುವುದಿಲ್ಲ.
ಹಗ್ಗ, ಹಗ್ಗ, ಎಣ್ಣೆ ಮೆತ್ತಿದ ಹಗ್ಗ,
ಬಿಳಿ ಗುರುತು.
ಒತ್ತಿದೆ.

ಕೆಳಗೆ ಬಾಗಿಲು ಸರಿದ ಸದ್ದು.
ಮಗುವಿನ ದಡದಡ. ನಾಯಿಯ ಉಗುರು.
ಕೋಲೊಂದು ಟಕ್ ಎಂದು, ಮತ್ತೆ ಟಕ್ ಎಂದು
ಮಾತಿನ ನಡುವೆಯೇ ದಾಟಿಹೋಯಿತು.
ಏನೋ ಆಲೂಗಡ್ಡೆ ಬೆಲೆಯ ಮಾತು,
ಎಲ್ಲೂ ತುಂಡಾಗಲಿಲ್ಲ.

ಎವಾರಿಸ್ತೊ ಏದುಸಿರು ಬಿಡುತ್ತ ಮೇಲೆ ಬಂದ.
ಅರ್ಧ ಬೆರಳು ಜಾಸ್ತಿ, ಎಂದ.
ಡಬ್ಬಿ ಮೊಳೆಯಿಂದ ತೆಗೆದುಕೊಂಡ.

ಬೆನ್ನ ಹಿಂದೆ ಯಾವುದೋ ಹಡಗು
ಬಂದರಿಗೋ, ಬಂದರಿನಿಂದಲೋ ಕೂಗಿತು.
ತಿರುಗಿ ನೋಡಲಿಲ್ಲ.
ಕೆಳಗೆ ಯಾರೋ ಗಂಟೆ ಹೊಡೆದಿದ್ದರು.