ಅಂಚು

ನಮ್ಮದು ರಾಯದುರ್ಗ. ಕೋಟೆಬೆಟ್ಟದ ಬುಡದ ಓಣಿ.
ಮಧ್ಯಾಹ್ನ ಮೂರಕ್ಕೆ ಬಂಡೆ ಉಸಿರು ಬಿಡುತ್ತದೆ,
ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ ಆ ಉಸಿರು.
ನಲ್ಲಿ ಐದು ದಿನಕ್ಕೊಮ್ಮೆ.
ಇಂಥ ಕಡೆಗೆ ಓಬಳಮ್ಮ ಗಿಡ ತಂದಳು,
ಬಳ್ಳಾರಿ ಬಸ್ಸಿನಲ್ಲಿ, ಮಡಿಲಲ್ಲಿ,
ಟಿಕೆಟ್ಟಿಲ್ಲದ ಕೂಸಿನ ಹಾಗೆ.

ಕಣಗಿಲೆಯೇ. ಆದರೆ ಗುಡಿಯ ಮುಂದಿನ ಕಣಗಿಲೆಯಲ್ಲ.
ನಡುವೆ ಹಸಿರು, ಸುತ್ತ ಕೆನೆ,
ಯಾರೋ ಎಲೆ ಎಲೆಗೂ ಪೈಪಿಂಗ್ ಕೊಟ್ಟಂತೆ.
ನಾನು ಜೀನ್ಸ್ ಹೊಲಿಯುವವಳು, ದಿನಕ್ಕೆ ನಲವತ್ತು ಸೊಂಟಪಟ್ಟಿ;
ಅಂಚು ಕಂಡರೆ ಬೆರಳು ತಾನಾಗಿ ಹೋಗುತ್ತದೆ.
ಸವರಿ ನೋಡಿದೆ. ಎಲ್ಲೂ ದಾರ ಸಿಗಲಿಲ್ಲ.

"ಜಾಸ್ತಿ ಕುಡಿಯೋದಿಲ್ಲ ಇದು" ಎಂದಳು.
"ನಿನ್ನ ಗಂಡನಿಗಿಂತ ವಾಸಿ" ಎಂದೆ.

ಗುಂಡಿಗೆ ಅರ್ಧ ಕೆಂಪು ಮಣ್ಣು, ಅರ್ಧ ಕ್ರಷರಿನ ಪುಡಿಗಲ್ಲು.
ಬುಡಕ್ಕೆ ಬಿಸಿಲು ತಾಗದಂತೆ ಕತ್ತರಿಸಿ ಉಳಿದ ಬಟ್ಟೆ ಚೂರು,
ಅದರ ಮೇಲೆ ಬೆಣಚುಕಲ್ಲು.
ಶುಕ್ರವಾರಕ್ಕೊಮ್ಮೆ ಒಂದು ಚೊಂಬು ಅಕ್ಕಿ ತೊಳೆದ ನೀರು.
ಅಷ್ಟಕ್ಕೇ ನಿಂತಿತು.

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ.
ಮಾಬುನ್ನಿಯ ಆಡು ಬಂತು, ಮೂಸಿತು, ನನ್ನ ಮುಖ ನೋಡಿತು,
ಒಣಗಹಾಕಿದ್ದ ಲಂಗದ ತುದಿ ತಿಂದು ಹೋಯಿತು.

ಎರಡನೇ ಬೇಸಿಗೆಯಲ್ಲಿ ಬುಡದಿಂದ ಒಂದು ಕೊಂಬೆ ಎದ್ದಿತು,
ಕೆನೆಯ ಗೊಡವೆಯಿಲ್ಲದ್ದು, ಪೂರಾ ಹಸಿರು.
ವಾರಕ್ಕೆ ಗೇಣುದ್ದ.
ಉಳಿದವು ನಿಂತಲ್ಲೇ ನಿಂತು ಅದನ್ನೇ ನೋಡುತ್ತಿದ್ದವು.
ನನಗೋ ಹಿಗ್ಗು. ಹಸಿರು ಅಂದರೆ ಗಟ್ಟಿ ಅಲ್ಲವೆ?

ಓಬಳಮ್ಮ ಬಂದವಳೇ ಕೈ ಚಾಚಿದಳು.
"ಕತ್ತರಿ ಕೊಡು. ಇದನ್ನ ಬಿಟ್ಟರೆ
ಎರಡು ವರ್ಷಕ್ಕೆ ಗಿಡವೆಲ್ಲ ಇದೇ ಆಗ್ತದೆ."

ಒಳಗೆ ಮಗಳು ಗಂಗೋತ್ರಿ (ನೀರು ಹೆಸರಿನಲ್ಲಿ ಮಾತ್ರ)
ಹನ್ನೊಂದರ ಮಗ್ಗಿ ಒಪ್ಪಿಸುತ್ತಿದ್ದಳು.
ಹನ್ನೊಂದು, ಇಪ್ಪತ್ತೆರಡು, ಮೂವತ್ತಮೂರು,
ನಲಭೈ ನಾಲುಗು.
ಎಲ್ಲಿ ದಾಟಿದಳೆಂದು ಅವಳಿಗೆ ಗೊತ್ತಿಲ್ಲ.
ನನಗೆ ಕೇಳಿಸಿತು.
ನಾನೂ ಹೀಗೇ ಎಣಿಸುತ್ತಿದ್ದೆ, ಉಲ್ಟಾ,
ಸಂತೆಯಲ್ಲಿ ತೆಲುಗಿನಿಂದ ಶುರುಮಾಡಿ
ಮನೆ ಮುಟ್ಟುವಷ್ಟರಲ್ಲಿ ಕನ್ನಡಕ್ಕೆ ಬಂದು.

ಕತ್ತರಿ ಕೊಡಲಿಲ್ಲ.
ನನ್ನ ಕತ್ತರಿ ಬೇರೆ ಯಾರ ಕೈಗೂ ಕೂರುವುದಿಲ್ಲ ಎಂದೆ,
ಅದು ನಿಜವೂ ಹೌದು.
ಅವಳು ಕಾಫಿ ಕುಡಿದು ಹೋದ ಮೇಲೆ
ಸಂಜೆ ನಾನೇ ಬಗ್ಗಿ, ಬುಡಕ್ಕೆ ಬ್ಲೇಡು ಇಟ್ಟು,
ಸ್ವಲ್ಪ ಹೊತ್ತು ಸುಮ್ಮನಿದ್ದು,
ಕತ್ತರಿಸಿದೆ.

ಎಸೆಯಲು ಮನಸ್ಸಾಗಲಿಲ್ಲ. ಸೋಡಾ ಬಾಟಲಿಯಲ್ಲಿಟ್ಟೆ.
ಹದಿನೆಂಟನೇ ದಿನ ಬಿಳಿ ಬೇರು, ಅಕ್ಕಿಕಾಳಿನಷ್ಟು.
ಈಗ ಮೆಟ್ಟಿಲಿನ ಆಚೆ ಬದಿಗೆ ಅದೂ ಇದೆ.
ಒಂದು ಚೊಂಬು ಎರಡಕ್ಕೆ ಸಾಲದು,
ಅಕ್ಕಿಯನ್ನು ಇನ್ನೊಮ್ಮೆ ತೊಳೆಯುತ್ತೇನೆ.

ಕತ್ತರಿಗೆ ಹತ್ತಿದ ಅಂಟು ಮಾತ್ರ ಪೂರ್ತಿ ಹೋಗಿಲ್ಲ.
ಸೀಮೆಎಣ್ಣೆ ಹಾಕಿ ಉಜ್ಜಿದೆ.
ದಪ್ಪ ಬಟ್ಟೆ ಕತ್ತರಿಸುವಾಗ
ತಿರುವಿನಲ್ಲಿ ಒಮ್ಮೊಮ್ಮೆ ಹಿಡಿದುಕೊಳ್ಳುತ್ತದೆ.