ಅಪ್ಪನ ಗಂಟು

ಹಟ್ಟಿ ಗಣಿಗೆ ಇಪ್ಪತ್ತೆರಡು ವರ್ಷ ಇಳಿದ ಅಪ್ಪ
ಒಂದು ಗುಲಗಂಜಿ ಬಂಗಾರ ಮನೆಗೆ ತಂದವನಲ್ಲ.
ಗೇಟಿನಲ್ಲಿ ದಿನಾ ಜೇಬು ತಡವುತ್ತಿದ್ದರು,
ಬೂಟು ಝಾಡಿಸಿ ನೋಡುತ್ತಿದ್ದರು.
ಕಣ್ಣರೆಪ್ಪೆ ಮಾತ್ರ ಯಾರೂ ನೋಡಲಿಲ್ಲ.

ಅಲ್ಲಿತ್ತು. ಮೂಗಿನ ಕಡೆಯ ಮೂಲೆಯಲ್ಲಿ
ಮೆಕ್ಕೆಜೋಳದ ಕಾಳಿನಷ್ಟು ಹಳದಿ.
ಹಿಮ್ಮಡಿಯ ನರದ ಮೇಲೆ ಇನ್ನೊಂದು, ಗಟ್ಟಿ ಗಂಟು.
ಬೂಟು ಒತ್ತಿ ಆದದ್ದು ಅನ್ನುತ್ತಿದ್ದ.

ನಲವತ್ತಮೂರಕ್ಕೆ, ರಾತ್ರಿ ಪಾಳಿ ಮುಗಿಸಿ ಬಂದು,
ಬಕೆಟ್ಟಿನ ನೀರು ಇನ್ನೂ ಬಿಸಿ ಇರುವಾಗಲೇ
ಬಚ್ಚಲ ಗೋಡೆಗೆ ಒರಗಿ ಹೋದ.
ಸಣಕಲ ಆದಪ್ಪ, ಬೀಡಿ ಸಹ ಮುಟ್ಟದವನು.
ಜನ ಗಣಿಯ ಧೂಳಿಗೆ ಹೆಸರಿಟ್ಟರು.

ಅವ್ವನ ಕಡೆಯ ಆಸ್ತಿ ಬೇರೆ: ಸಕ್ಕರೆ.
ಮಸ್ಕಿಯ ಸೋದರಮಾವಂದಿರು ಮೂವರೂ
ಹೋಳಿಗೆಯ ದಿನ ಚೀಲದಿಂದ ಸೂಜಿ ತೆಗೆಯುವವರು.
ದೊಡ್ಡವನ ಎಡಗಾಲಿಗೆ ಎರಡು ಬೆರಳಿಲ್ಲ.

ಈ ಪಾಲು ಮಾಡಲು ಪಂಚರು ಕೂಡಲಿಲ್ಲ.
ಅಕ್ಕ ಅಮರಮ್ಮನಿಗೆ ಸಕ್ಕರೆ ಹೋಯಿತು,
ನನಗೆ ಗಂಟು.
"ಮುನ್ನೂರ ಎಂಬತ್ತು" ಅಂದಳು ಲಿಂಗಸುಗೂರಿನ ಲ್ಯಾಬಿನ ಹುಡುಗಿ,
ನಂಬದೆ ಮತ್ತೊಮ್ಮೆ ಚುಚ್ಚಿದಳು.
ಅಕ್ಕನಿಗೆ ನಗು: "ನೀ ಹೂರಣ ತಿನ್ನು, ನಾ ತುಪ್ಪ ಕುಡೀತೀನಿ,
ಇಬ್ಬರೂ ಕೂಡಿ ಒಂದು ಹೋಳಿಗಿ ಮುಗಸಬಹುದು."

ರಾಯಚೂರಿನ ಡಾಕ್ಟರ್ ನುಸ್ರತ್ ಚೀಟಿಯ ಹಿಂದೆ
ಒಂದು ಮನೆ ಬರೆದರು. ಕೊಬ್ಬನ್ನು ಒಳಗೆ ಕರೆಯುವ ಬಾಗಿಲು
ನಿಮ್ಮಲ್ಲಿ ಅರ್ಧ ಮುಚ್ಚೇ ಹುಟ್ಟುತ್ತದೆ.
ಅದು ರಕ್ತದ ಬೀದಿಯಲ್ಲೇ ಅಲೆದು ಗೋಡೆಗೆ ಅಂಟುತ್ತದೆ.
ಆದರೆ ಇಂಥ ಮನೆಗಳಲ್ಲಿ ಸಕ್ಕರೆ ಕಾಯಿಲೆ
ತುಸು ಕಡಿಮೆಯೇ ಕಂಡಿದೆ. ಯಾಕೋ, ಪೂರ್ತಿ ಗೊತ್ತಿಲ್ಲ.
ಗುಳಿಗೆ ಬಾಗಿಲು ತೆರೆಸುತ್ತದೆ;
ತೆರೆದಲ್ಲಿ ಒಮ್ಮೊಮ್ಮೆ ಸಕ್ಕರೆಯೂ ಇಣುಕೀತು.
"ಆದ್ರೂ ನುಂಗ್ರಿ. ಮೊದಲು ಎದಿ ಉಳೀಲಿ."

ಹಾಗಾದರೆ ಅಪ್ಪ,
ನಿನ್ನನ್ನು ಕೊಂದ ಅದೇ ಚಿಲಕ
ಇಷ್ಟು ದಿನ ಮಸ್ಕಿಯವರ ಸಕ್ಕರೆಯನ್ನು
ನನ್ನ ಹೊಸ್ತಿಲಾಚೆ ನಿಲ್ಲಿಸಿತ್ತೇನೋ.
ನಾನದನ್ನು ದಿನಾ ರಾತ್ರಿ ಒಂದು ಗುಟುಕು ನೀರಿನಲ್ಲಿ
ಸರಿಸುತ್ತಿದ್ದೇನೆ.

ಮಗಳಿಗೆ ಒಂಬತ್ತು.
ಗೆಜ್ಜೆ ಬಿಗಿ ಮಾಡುವ ನೆಪದಲ್ಲಿ
ಹಿಮ್ಮಡಿ ತಡವುತ್ತೇನೆ, ಗೇಟಿನವರ ಹಾಗೆ.
"ಯವ್ವಾ, ಕಚಗುಳಿ!" ಕಾಲು ಎಳೆದುಕೊಳ್ಳುತ್ತಾಳೆ.
ಏನೂ ಸಿಗಲಿಲ್ಲ. ಗಂಟು ಬೇಗ ಕಾಣುವುದಿಲ್ಲವಂತೆ.
ಸೋಮವಾರ ಲಿಂಗಸುಗೂರಿಗೆ, ರಕ್ತ ಕೊಡಿಸಬೇಕು.
ಬಸ್‌ಸ್ಟ್ಯಾಂಡಿನಲ್ಲಿ ಮಂಡಾಳ ವಗ್ಗರಣಿ ಕೇಳಿದ್ದಾಳೆ,
ಮಿರ್ಚಿ ಬೇರೆ. ಒಂದೇ, ಅಂದಿದ್ದೇನೆ.