ನೂರಕ್ಕೆ ಹತ್ತು

ಅಪ್ಪನದು ಕಂಡವರ ಅಟ್ಟ ಹತ್ತಿ
ಕಾಯಿ ನೋಡಿಕೊಡುವ ಕೆಲಸ.
ಅರಸೀಕೆರೆ ಸುತ್ತ ಅವನು ಹತ್ತದ ಅಟ್ಟವಿಲ್ಲ.
ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ:
ಒಳಗೆ ಲೊಟಲೊಟ ಎಂದರೆ ಕೊಬ್ಬರಿ ಬಿಟ್ಟುಕೊಂಡಿದೆ,
ಸುಲಿಯಬಹುದು. ಸುಮ್ಮನಿದ್ದರೆ ಇನ್ನೆರಡು ತಿಂಗಳು.
ಕೆಟ್ಟದ್ದು ಹೇಗೆ ಗೊತ್ತಾಗುತ್ತೆ ಎಂದು ಕೇಳಿದ್ದೆ ಒಮ್ಮೆ.
"ಅದು ಬೇರೆ ಥರ ಸುಮ್ಮನಿರುತ್ತೆ" ಎಂದಿದ್ದ.

ಅಣ್ಣನಿಗೆ ತಾತನ ಹೆಸರು, ಮರುಳಸಿದ್ಧ.
ನನಗೆ ಅಜ್ಜಿಯದು.
ಸ್ಕೂಲಲ್ಲಿ ಅವನದನ್ನು ಅರ್ಧಕ್ಕೆ ಕತ್ತರಿಸಿ ಕರೆದರು,
ಮರುಳ, ಲೋ ಮರುಳ.
ಆಗ ಅವನೂ ನಗುತ್ತಿದ್ದ.

ಇಪ್ಪತ್ನಾಲ್ಕನೆಯ ವರ್ಷದ ಆಷಾಢದಲ್ಲಿ
ಸ್ಟೇಷನ್ನಿನ ಮೈಕು ತನ್ನನ್ನೇ ಕರೆಯುತ್ತಿದೆ ಎಂದು
ಸೇತುವೆ ಹತ್ತಿ, ಇಳಿದು, ಮತ್ತೆ ಹತ್ತಿ
ಬೆಳಗಿನ ಜಾವ ಬೀರೂರಿನಲ್ಲಿ ಸಿಕ್ಕಿದ.
ಒಂದು ಕಾಲಲ್ಲಿ ಚಪ್ಪಲಿ. ಇನ್ನೊಂದನ್ನು
ಯಾರಿಗೋ ಕೊಟ್ಟೆ ಎಂದ.

ನನಗೆ ಬರುವ ಮಾರ್ಗಶಿರಕ್ಕೆ ಇಪ್ಪತ್ನಾಲ್ಕು.

ಅವನದು ಏನೇನು ನನಗೆ ಬಂದಿದೆ?
ಸೈಕಲ್ಲು. ಕಂಪಾಸು ಪೆಟ್ಟಿಗೆ.
ಅಂಚಿನಲ್ಲಿ ಅವನದೇ ಗೀಚಿರುವ ಪಿಯುಸಿ ಗೈಡು.
ಎಡಗಿವಿಯ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಗುಳಿ,
ಅದು ಅಮ್ಮನಿಗೂ ಇಲ್ಲ, ಅಪ್ಪನಿಗೂ ಇಲ್ಲ,
ನಮ್ಮಿಬ್ಬರಿಗೇ.

ತಿಂಗಳಿಗೊಮ್ಮೆ ಅವನ ಜೊತೆ ಹಾಸನದ ಬಸ್ಸು,
ದೊಡ್ಡಾಸ್ಪತ್ರೆಯ ಸಾಲು.
ಹೊಸ ನರ್ಸು ನಮ್ಮಿಬ್ಬರನ್ನೂ ನೋಡಿ
"ಪೇಷೆಂಟ್ ಯಾರು?" ಎಂದಳು.
ನಾನು ಬಾಯಿ ತೆರೆಯುವುದರೊಳಗೆ
ಅವನು ಕೈ ಎತ್ತಿದ, ಹಾಜರಿ ಹೇಳುವ ಹುಡುಗನಂತೆ.

ಅವನು ಮಾತ್ರೆ ತರಲು ಹೋದಾಗ ಕೇಳಿಬಿಟ್ಟೆ.
ಡಾಕ್ಟರಮ್ಮ ಒಳ್ಳೆಯವರು.
ಒಡಹುಟ್ಟಿದವರಲ್ಲಿ ನೂರಕ್ಕೆ ಹತ್ತು ಎಂದಾಗ
ಪೆನ್ನಿನ ಮುಚ್ಚಳ ನೋಡಿದರು,
ತೊಂಬತ್ತು ಜನಕ್ಕೆ ಏನೂ ಆಗಲ್ಲಮ್ಮ ಎಂದಾಗ ನನ್ನನ್ನು.

ಹತ್ತು ಕಾಯಿಗೆ ತಾನು ಆ ಹತ್ತರಲ್ಲೊಂದು ಎಂದು
ಅಟ್ಟದ ಮೇಲೆ ಗೊತ್ತಿರುತ್ತದೆಯೆ?
ಬಚ್ಚಲ ಬಾಗಿಲು ಹಾಕಿಕೊಂಡು
ತಲೆ ಅಲ್ಲಾಡಿಸಿ ನೋಡಿದ್ದೇನೆ. ನಗಬೇಡಿ.
ನಿದ್ದೆ ಬಾರದ ರಾತ್ರಿಗೆ ಕ್ಯಾಲೆಂಡರಿನಲ್ಲಿ
ಹಾಲಿನ ಲೆಕ್ಕದ ಪಕ್ಕ ಒಂದು ಚುಕ್ಕೆ.
ಅಮ್ಮ ಕೇಳಿದರೆ ಮುಟ್ಟಿನ ಲೆಕ್ಕ ಎನ್ನುತ್ತೇನೆ.

ಬಾಣಾವರದವರು ನನ್ನನ್ನು ನೋಡಲು ಬಂದ ದಿನ
ಅವನನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸಿದ್ದರು.
ಕೆಮ್ಮು ಬಂದರೆ ಟವಲು ಕಚ್ಚಿಕೋ ಎಂದಿದ್ದಳು ಅಮ್ಮ.
"ವಂಶದಲ್ಲಿ ಸಕ್ಕರೆ ಕಾಯಿಲೆ ಉಂಟಾ?" ಎಂದರು ಹುಡುಗನ ಮಾವ.
ಇಲ್ಲ ಎಂದ ಅಪ್ಪ. ನಿಜವೇ.
ಅವರು ಹೋದ ಮೇಲೆ ನೋಡಿದರೆ
ಟವಲು ಇನ್ನೂ ಅವನ ಬಾಯಲ್ಲಿತ್ತು.

ಮೊನ್ನೆ ರಾತ್ರಿ ಎರಡು ಗಂಟೆಗೆ
ಯಾರೋ "ಗಿರಿಜಾ" ಎಂದರು.
ಹೆಂಗಸಿನ ದನಿ. ಸ್ಪಷ್ಟ. ಬಾಗಿಲ ಹತ್ತಿರ.

ಯಾರನ್ನು ಕೇಳಲಿ?
ಈ ವಿದ್ಯೆ ಬಲ್ಲವನು ಮನೆಯಲ್ಲಿ ಒಬ್ಬನೇ.
ನಡುಮನೆಯಲ್ಲಿ ಎದ್ದು ಕೂತಿದ್ದ.
"ಅಣ್ಣಾ, ಈಗ ಏನಾದ್ರೂ ಕೇಳಿಸ್ತಾ?"
ಅವನು ತಲೆ ಓರೆ ಮಾಡಿದ, ಥೇಟ್ ಅಪ್ಪ.
"ನಂಗೆ ಕೇಳ್ಸಿದ್ದು ಲೆಕ್ಕಕ್ಕಿಲ್ಲ ಕಣೆ.
ನಿಂಗೆ ಏನಂತು?"
"ಗಿರಿಜಾ ಅಂತು."
"ಆಮೇಲೆ?"
"ಅಷ್ಟೇ."
"ನನ್ನವು ಅಷ್ಟಕ್ಕೆ ಬಿಡಲ್ಲ" ಎಂದ,
ಸ್ವಲ್ಪ ಜಂಬದಿಂದಲೇ ಎನಿಸಿತು.

ಆಮೇಲೆ ಕಿಟಕಿ ತೆರೆದ.
ಸ್ಟೇಷನ್ನಿನ ಕಡೆಯಿಂದ ಮೈಕು,
ಯಾವುದೋ ಗಾಡಿ ನಲವತ್ತು ನಿಮಿಷ ತಡ.
ಅವನ ಬೆರಳು ಸರಳನ್ನು ಬಿಗಿಯಾಗಿ ಹಿಡಿದಿದ್ದವು.
"ಇದು... ನಿಂಗೂ ಕೇಳ್ತಿದೆಯಾ?"

ಕೇಳ್ತಿದೆ ಎಂದೆ.

ಇಬ್ಬರೂ ಅಲ್ಲೇ ನಿಂತೆವು, ಮಾತಿಲ್ಲದೆ.
ನಲವತ್ತು ಎಂದದ್ದು
ಐವತ್ತೈದಾಯಿತು.